ನಾಲ್ಕು ಶಿವದಾರ

“ತಲಿ ವಾಲಾಕತ್ತೇತಿ. ಇನ್ನೊಂದ್ ಸುತ್ತ ಹಾಕ್ರಿ,” ಎಂದ ಉಡಚಪ್ಪ, ಸತ್ತವನ ತಮ್ಮ.

ಕರಬಸಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಿಳಿ ವಸ್ತ್ರದಿಂದ ತಲೆಯನ್ನು ಗೂಟಕ್ಕೆ ಕಟ್ಟಿದರು. ಎಡಗುತ್ತಿಗೆಯಲ್ಲಿ, ಕಿವಿಯ ಕೆಳಗಿನಿಂದ ಕೊರಳ ಬುಡದ ಎಲುಬಿನವರೆಗೆ, ಆಪರೇಷನ್ನಿನ ಗೆರೆಯಿತ್ತು.

ಸೇವು-ಚೂಡಾ ಮಾರುವ ಖಾರದ ಅಂಗಡಿಯ ನಿಯಾಜ ಮಾಲೆ ಹಾಕಿ ಹಿಂದೆ ಸರಿದ. “ಹ್ವಾದ ತಿಂಗಳ ಖಾರಾ ಬೇಡಿದ್ದ ನೋಡ್ರಿ.”

“ನುಂಗಾಕ ಬರ್ತಿರಲಿಲ್ಲಲ್ಲೋ ಅಣ್ಣಗ!”

“ಮೂಗಿಗೆ ಹಿಡದು ವಾಸನಿ ನೋಡಿದ. ‘ಉಪ್ಪ ಕಮ್ಮಿ ಆಗೇತಿ, ಕಳ್ಳಾ’ ಅಂದ.”

ಉಡಚಪ್ಪ ನಕ್ಕು, ಟವೆಲ್ಲಿನಿಂದ ಮುಖ ಒರೆಸಿಕೊಂಡ.

*

ಕುತ್ತಿಗೆಯ ಎಡಕ್ಕೆ ಎದ್ದ ಗಂಟು ಮೊದಲು ಕಡಲೆಕಾಳಿನಷ್ಟಿತ್ತು. ಕೊರಳಿನ ಲಿಂಗ ಕಟ್ಟಿದ ಶಿವದಾರ ಅದರ ಮೇಲೇ ಹಾಯುತ್ತಿತ್ತು.

“ದಾರ ಒತ್ತೇತಿ,” ಎಂದಿದ್ದ ಕರಬಸಪ್ಪ, ಎಲೆತೋಟದಿಂದ ಬಂದವನು.

ಹೆಂಡತಿ ದಾನವ್ವ ನೂಲಿನ ದಾರ ಬಿಚ್ಚಿ ರೇಷ್ಮೆಯದು ಕಟ್ಟಿದಳು. ಆಮೇಲೆ ಇನ್ನೂ ಮೆತ್ತನೆಯವು ಎರಡು. ಕೊಬ್ಬರಿ ಎಣ್ಣೆ ಸವರಿದಳು. ಐದು ತಿಂಗಳು, ನಾಲ್ಕು ದಾರ. ನಾಲಿಗೆಯ ಅಂಚಿನ ಹುಣ್ಣನ್ನು ಮಾತ್ರ, ತಂಬಾಕಿನ ಸುಣ್ಣ ಸುಟ್ಟಿದ್ದೆಂದುಕೊಂಡು, ಅವನು ಯಾರಿಗೂ ತೋರಿಸಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಎರಡನ್ನೂ ನೋಡಿದರು. ಕ್ಯಾನ್ಸರ್ ಹುಟ್ಟಿದ್ದು ನಾಲಿಗೆಯಲ್ಲಿ, ಹಬ್ಬಿದ್ದು ಕುತ್ತಿಗೆಯ ಗ್ರಂಥಿಗಳಿಗೆ. ಆಪರೇಷನ್ ಆಯಿತು, ಮೂವತ್ತು ದಿನ ‘ಕರೆಂಟು’ ಎನ್ನುವ ರೇಡಿಯೇಷನ್, ವಾರಕ್ಕೊಂದು ಕಿಮೋ. ಸವಣೂರಿನಿಂದ ದಿನವೂ ಬೆಳಗಿನ ಬಸ್ಸು. ಕುತ್ತಿಗೆಯ ಚರ್ಮ ಸುಟ್ಟಿದ್ದರಿಂದ ಲಿಂಗವನ್ನು ತೋಳಿಗೆ ಕಟ್ಟಿಕೊಂಡ. ವರ್ಷದೊಳಗೆ ಬಲಗಡೆ ಗಂಟು ಎದ್ದಿತು.

ಮಗಳು ಶ್ವೇತಾ ಡಾಕ್ಟರನ್ನು ಒಬ್ಬಳೇ ಕೇಳಿದ್ದಳು: “ಐದು ತಿಂಗಳ ಮೊದಲ ಬಂದಿದ್ರ?”

“ಆಗ ಒಂದೇ ಗಂಟು ಇದ್ದಿರಬಹುದು. ಉಳಿಯುವ ಅವಕಾಶ ಹೆಚ್ಚಿತ್ತು.”

ಆ ಮಾತನ್ನು ಅವಳು ಮನೆಗೆ ತಂದಿರಲಿಲ್ಲ.

*

“ಲಿಂಗ ಕೊರಳಿಗೆ ಬರಬೇಕವಾ. ಹೊಸಾ ದಾರ ತರ್ರಿ,” ಎಂದರು ವಿಧಿ ಮಾಡಿಸಲು ಬಂದ ಅಯ್ಯನವರು.

ದಾನವ್ವ ಒಳಗೆ ಹೋದಳು. ಶ್ವೇತಾ ಹಿಂದೆಯೇ ಹೋದಳು. ದಾರದ ಡಬ್ಬಿ ಹಿಡಿದು ತಾಯಿ ನಿಂತಿದ್ದಳು.

“ಅವ್ವಾ, ದಾರದಿಂದ ಬರಂಗಿಲ್ಲ ಅದು. ಎಷ್ಟ ಸಲ ಹೇಳ್ಲಿ?”

“ದಾರದಿಂದ ಬಂತೇನಂತ ನಾ ಕೇಳಿಲ್ಲ. ಆವಾಗ ದವಾಖಾನಿಗೆ ಹೋಗಿದ್ರ?”

“ಹೋಗಿದ್ರೂ ಇಷ್ಟ ಆಗ್ತಿತ್ತು,” ಎಂದಳು ಶ್ವೇತಾ, ಡಬ್ಬಿಯನ್ನೇ ನೋಡುತ್ತ.

ದಾನವ್ವ ಮಗಳ ಮುಖ ನೋಡಿದಳು. ಡಬ್ಬಿಯಿಂದ ಹೊಸ ದಾರ ತೆಗೆದು ಹೊರಗೆ ಒಯ್ದಳು.

ಅಯ್ಯನವರು ಲಿಂಗ ಕಟ್ಟಿದರು. ನಾಲ್ವರು ಎತ್ತಲು ಬಗ್ಗಿದರು.

“ತಡೀರಿ,” ಎಂದಳು ದಾನವ್ವ.

ಗಂಡನ ಎದುರು ಕುಕ್ಕರಗಾಲಲ್ಲಿ ಕೂತು, ದಾರವನ್ನು ಗಾಯದ ಗೆರೆಯಿಂದ ಆಚೆ ಸರಿಸಿದಳು. ಗಂಟು ಬಿಚ್ಚಿ, ತನ್ನ ಎರಡು ಬೆರಳು ಒಳಗಿಟ್ಟು, ಅಷ್ಟು ಸಡಿಲ ಉಳಿಯುವಂತೆ ಮತ್ತೆ ಕಟ್ಟಿದಳು.