ಆರು ತಿಂಗಳಿಗೊಂದು ರುಜು

ಟಾಪ್ಲಿ ಪ್ರೊಫೆಸರರ ಪುಸ್ತಕವನ್ನು ಒಲೆಗೆ ಹಾಕಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ. ಲಂಡನ್ನಿನಿಂದ ಎಡಿನ್‌ಬರೋಗೆ ಬಂದು, ನಮ್ಮ ಪಾದ್ರಿಗಳ ವಿಧವಾ ನಿಧಿಯ ಹಳೇ ದಫ್ತರಗಳನ್ನು ಆರು ವರ್ಷ ಕೆದಕಿ, ಎಷ್ಟು ವಿಧವೆಯರು ಎಷ್ಟು ಕಾಲ ಬದುಕಿದರು, ಎಷ್ಟು ಜನ ಮರುಮದುವೆಯಾದರು ಎಂದು ಬರೆದ ಮಹಾನುಭಾವ. ಪುಸ್ತಕದ ಕೊನೆಯ ಪಟ್ಟಿಯಲ್ಲಿ ನನ್ನ ಮುತ್ತಜ್ಜಿಯೂ ಇದ್ದಾಳೆ: ‘ಗ್ರಿಜೆಲ್ ಟುಲಾಕ್, ಆರ್ಡ್‌ವೆನ್ ಪಾದ್ರಿ ಆಂಡ್ರೂ ಬೇನ್ ಅವರ ವಿಧವೆ. 1871ರಲ್ಲಿ ಮರುಮದುವೆ.’

ಈ ಒಂದು ಸಾಲು ತೋರಿಸಿ ಆರ್ಡ್‌ವೆನ್ ಚರ್ಚಿನ ಹಿರಿಯರು ನೆಟ್ಟಿ ಅತ್ತೆಯನ್ನು ವಾಪಸು ಕಳಿಸಿದರು. ನೆಟ್ಟಿ ನಮ್ಮಪ್ಪನ ಅಕ್ಕ, ವಯಸ್ಸು ಎಂಬತ್ತಾರು. ಕಣ್ಣು ಮುಚ್ಚುವ ಮೊದಲು ತನ್ನ ಅಜ್ಜಿ ಗ್ರಿಜೆಲ್‌ಳ ಹೆಸರನ್ನು ತಾತನ ಗೋರಿಕಲ್ಲಿನಲ್ಲಿ ಕೆತ್ತಿಸಬೇಕು, ಅದೊಂದೇ ಆಸೆ. ಕಲ್ಲಿನ ಕೆಳಗಡೆ ಅಷ್ಟಗಲ ಜಾಗ ನೂರು ವರ್ಷದಿಂದ ಖಾಲಿ ಬಿದ್ದಿದೆ.

“ಇನ್ನೊಬ್ಬನ್ನ ಕಟ್ಕೊಂಡೋಳಿಗೆ ಮೊದಲನೇ ಗಂಡನ ಕಲ್ಲಲ್ಲಿ ಜಾಗ ಇಲ್ವಂತೆ ಕಣೇ ರೋನಾ,” ಎಂದಳು ಅತ್ತೆ. “ಯಾರನ್ನ ಕಟ್ಕೊಂಡ್ಲಂತೆ? ಹೊಟ್ಟೆಪಾಡಿಗೆ ಕಾಲುಚೀಲ ಹೆಣೆದೂ ಹೆಣೆದೂ ಅವಳ ಬೆರಳು ಸೊಟ್ಟಗಾಗಿತ್ತು, ನಾನೇ ನೋಡಿದೀನಿ. ಪುಸ್ತಕ ಬರ್ದೋನು ನೋಡಿದ್ನಾ?”

ಮರುದಿನವೇ ನಾನು ದಾಖಲೆಗಳ ಕಚೇರಿಯಲ್ಲಿ ಕೂತೆ. ನಿಧಿಯ ನಿಯಮ ಹೀಗಿತ್ತು: ಆರು ತಿಂಗಳಿಗೊಮ್ಮೆ ಊರ ಪಾದ್ರಿ ‘ಈಕೆ ಬದುಕಿದ್ದಾಳೆ, ಮರುಮದುವೆಯಾಗಿಲ್ಲ’ ಎಂದು ರುಜು ಹಾಕಬೇಕು. ಇಲ್ಲದಿದ್ದರೆ ವಿಧವೆಗೆ ಬರುವ ಹಣ ನಿಲ್ಲುತ್ತಿತ್ತು. ಮುತ್ತಾತ ಸತ್ತ ಮೇಲೆ ಆ ಹುದ್ದೆಗೂ ಪಾದ್ರಿಮನೆಗೂ ಬಂದವನು ಲೋಗನ್. ಅವನ ಐದು ರುಜು ಸರಿಯಾಗಿವೆ. ಆರನೆಯದು ಬೇರೆ: ‘ಈ ಸ್ತ್ರೀ ಈಗ ಟುಲಾಕ್ ಎಂಬ ಹೆಸರಿನಲ್ಲಿ, ಅದೇ ಹೆಸರಿನ ಪುರುಷನೊಂದಿಗೆ ಒಂದೇ ಮನೆಯಲ್ಲಿದ್ದಾಳೆ.’ ಪಕ್ಕದಲ್ಲೇ ನಿಧಿಯವರ ಬರಹ: ‘ಮರುಮದುವೆ. ಹಣ ನಿಲ್ಲಿಸಿ.’

ನನ್ನ ಮೈ ಉರಿದುಹೋಯಿತು. ನಮ್ಮಲ್ಲಿ ಮದುವೆಯಾದರೂ ಹೆಣ್ಣಿಗೆ ತವರಿನ ಹೆಸರು ತಪ್ಪುವುದಿಲ್ಲ. ಗಂಡ ಸತ್ತರೆ ಊರೆಲ್ಲ ಮತ್ತೆ ಅದರಲ್ಲೇ ಕರೆಯುತ್ತದೆ. ಟುಲಾಕ್ ಅವಳ ಅಪ್ಪನ ಹೆಸರು. ಆ ‘ಪುರುಷ’ ಅವಳ ಸ್ವಂತ ಅಣ್ಣ ಮ್ಯಾಗ್ನಸ್. ಲೋಗನ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಒಂದೂ ಸುಳ್ಳು ಬರೆಯದೆ ಹೆಂಗಸಿನ ಕತ್ತು ಕೊಯ್ದಿದ್ದ, ದೇವರ ಮನುಷ್ಯ!

ಅದರ ಕೆಳಗೇ ಮುತ್ತಜ್ಜಿಯ ಕಾಗದವಿತ್ತು. ‘ಮ್ಯಾಗ್ನಸ್ ನನ್ನ ಅಣ್ಣ. ಪಾದ್ರಿಮನೆಯ ಹಿತ್ತಲಿನ ಗೂಸ್‌ಬೆರಿ ಗಿಡ ನಾನೇ ನೆಟ್ಟದ್ದು. ಒಂದು ಬುಟ್ಟಿ ಹಣ್ಣು ಕೊಯ್ದುಕೊಂಡೆ. ಲೋಗನ್ ಅವರು ಬಾಗಿಲಲ್ಲಿ ನಿಲ್ಲಿಸಿ ಕಳ್ಳಿ ಎಂದರು, ನಾನೂ ಎದುರು ಮಾತಾಡಿದೆ. ಅಂದಿನಿಂದ ಅವರಿಗೆ ಸಿಟ್ಟು.’ ಹಿಂಭಾಗದಲ್ಲಿ ನಿಧಿಯ ಗುಮಾಸ್ತ ಬರೆದದ್ದು: ‘ನೋಡಲಾಯಿತು. ಉತ್ತರ ಬೇಕಿಲ್ಲ.’

ಟಾಪ್ಲಿ ಎರಡು ಮೇಜಿನಾಚೆ ಕೂತು ಮುಂದಿನ ಪುಸ್ತಕ ಬರೆಯುತ್ತಿದ್ದರು. ಕಾಗದಗಳನ್ನೂ, ಅಣ್ಣತಂಗಿಯರಿಬ್ಬರ ನಾಮಕರಣದ ದಾಖಲೆಯನ್ನೂ ಅವರ ಮುಂದೆ ಬಡಿದಿಟ್ಟೆ.

ಓದಿ ಕನ್ನಡಕ ತೆಗೆದರು. “ತಪ್ಪಾಗಿರೋ ಹಾಗಿದೆ. ಆದ್ರೆ ನೋಡಿ, ಸಾವಿರದ ಇನ್ನೂರು ವಿಧವೆಯರಲ್ಲಿ ಇವರೊಬ್ಬರು. ಸರಾಸರಿ ಏನೂ ಬದಲಾಗಲ್ಲ.”

“ನಿಮ್ಮ ಸರಾಸರಿ ಹಾಳಾಗೋಗ್ಲಿ! ಈ ಕಾಗದ ಓದಿದ್ರಾ?”

“ದಫ್ತರದಲ್ಲಿ ಮರುಮದುವೆ ಅಂತಿತ್ತು. ಒಂದೊಂದು ಕಾಗದ ಓದೋಕೆ ಸಮಯ ಎಲ್ಲಿತ್ತು?”

“ಆರು ವರ್ಷ ಇತ್ತಲ್ರೀ!”

ಓದುವ ಕೋಣೆಯೆಲ್ಲ ತಿರುಗಿ ನೋಡಿತು. ನೋಡಲಿ. ಅವರದೇ ಹೆಸರು ಅಚ್ಚಾಗಿದ್ದ ಹಾಳೆ ಎಳೆದುಕೊಟ್ಟೆ. “ಬರೀರಿ. ‘ಗ್ರಿಜೆಲ್ ಟುಲಾಕ್ ಮರುಮದುವೆ ಆಗಿಲ್ಲ, ನನ್ನ ಪುಸ್ತಕ ತಪ್ಪು.’ ಕೆಳಗೆ ರುಜು.” ಅವರು ಕಿವಿ ಕೆಂಪಗೆ ಮಾಡಿಕೊಂಡು ಬರೆದರು. ಮುತ್ತಜ್ಜಿಗೆ ಬರಬೇಕಿದ್ದ ಆರನೆಯ ರುಜು ನೂರಮೂರು ವರ್ಷ ತಡವಾಗಿ ಬಂತು.

ಆ ಹಾಳೆ ನೋಡಿ ಹಿರಿಯರು ಕೆತ್ತಿಸಲು ಒಪ್ಪಿದರು. ಜುಲೈಯಲ್ಲಿ ಕಲ್ಲುಕುಟಿಗ ನಮ್ಮ ಪದ್ಧತಿಯಂತೆ ತವರಿನ ಹೆಸರನ್ನೇ ಕೆತ್ತಿದ: ‘ಗ್ರಿಜೆಲ್ ಟುಲಾಕ್, ಇವರ ಪತ್ನಿ.’

ಅತ್ತೆ ಒಂದೊಂದೇ ಅಕ್ಷರ ಮುಟ್ಟಿದಳು. “ಈ ಹೆಸರಿಗೇ ಅಲ್ವೇನೇ ಅವಳ ಹೊಟ್ಟೆ ಮೇಲೆ ಹೊಡೆದದ್ದು?”

“ಹೌದತ್ತೆ.”

ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕೋಲೂರಿಕೊಂಡು ನೇರ ಪಾದ್ರಿಮನೆಯ ಗೇಟು ತೆರೆದು ಹಿತ್ತಲಿಗೆ ನುಗ್ಗಿದಳು. ಗೂಸ್‌ಬೆರಿ ಪೊದೆ ಇನ್ನೂ ಇತ್ತು. ಕಿಟಕಿಯಲ್ಲಿ ಈಗಿನ ಪಾದ್ರಿಯ ಮುಖ ಕಾಣಿಸಿಕೊಂಡಿತು. ಅತ್ತೆ ಅವನನ್ನೇ ದುರುಗುಟ್ಟಿ ನೋಡುತ್ತ ಹಣ್ಣು ಕಿತ್ತು ಕಿತ್ತು ಕೈಚೀಲಕ್ಕೆ ತುಂಬಿದಳು.

“ಕಳ್ಳಿ ಅನ್ನಲಿ,” ಎಂದಳು. “ಇವತ್ತು ಅನ್ನಲಿ ನೋಡೋಣ.”