ಎಲಿ ಖೋಲಿಯ ಚುಟ್ಟಾ

ಪರಮೇಶ್ವರಪ್ಪಗ ಎರಡು ಚಟ ಇದ್ದುವು. ಒಂದು, ಹಾನಗಲ್ಲ ಪ್ಯಾಟಿಗೆ ಬಂದ ಭತ್ತದ ಕಾಳು ಹಲ್ಲಾಗ ಕಡದು, ಇದು ಯಾವ ಜಾತಿದು, ಯಾವ ಮಣ್ಣಿಂದು ಅಂತ ಹೇಳೂದು. ಇನ್ನೊಂದು, ವರ್ಷಕ್ಕೊಮ್ಮೆ ಒಂದ ಒಂದು ಚುಟ್ಟಾ ಸೇದೂದು. ವರ್ಷಕ್ಕೊಮ್ಮೆ ಸೇದೂದಕ್ಕ ಚಟಾ ಅಂತಾರೇನ್ರಿ ಅಂತ ಕೇಳಬ್ಯಾಡ್ರಿ. ಉಳಿದ ಅಷ್ಟೂ ದಿನ ಅದರ ಧ್ಯಾಸದಾಗ ಇರ್ತಿದ್ದ. ಚಟ ಅಲ್ದ ಅದೇನು ವ್ರತಾನ?

ಆ ಚುಟ್ಟಾ ಬಂದ ಕತಿ ಹಿಂಗೈತಿ. ಹಿರೇಕೆರೂರ ಕಡೆ ಕೆರಿ ದುರಸ್ತಿ ಮಾಡಿಸಾಕ ಬಂದಿದ್ದ ಬಿಳಿ ಇಂಜಿನೇರ ಸಾಹೇಬ ಒಬ್ಬ ಪಿನ್ಶನ್ ತಗೊಂಡು ವಿಲಾಯತಿಗೆ ಹೊಂಟಾಗ ತನ್ನ ಸಾಮಾನೆಲ್ಲ ಹರಾಜಿಗೆ ಹಚ್ಚಿದ. ಉಪ್ಪಿನ ಸತ್ಯಾಗ್ರಹ ಆದ ಮರುವರ್ಷದ ಮಾತು. ಪರಮೇಶ್ವರಪ್ಪ ಮತ್ತ ಸವಣೂರಿನ ಅವನ ಗೆಳೆಯ ಚನ್ನವೀರಪ್ಪ ಇಬ್ಬರೂ ಕೂಡಿ ಹೋದ್ರು. ಶಿಗ್ಗಾವಿ ಸಾಲ್ಯಾಗ ಒಂದ ಹಲಗಿ ಮ್ಯಾಲೆ ಕುಂತು ಕಲ್ತವರು, ಒಬ್ಬಗ ಮಾಸ್ತರ ಹೊಡದ್ರ ಇನ್ನೊಬ್ಬ ಅಳಾಂವ, ಅಂಥಾ ದೋಸ್ತಿ. ಸಾಗವಾನಿ ಪೆಟಿಗಿ ಒಂದು ಚಂದ ಕಾಣಿಸ್ತು, ಪಾಲಿನ್ಯಾಗ ಹಿಡದ್ರು. ತಗದು ನೋಡಿದ್ರ ಒಳಗ ಸಾಲಾಗಿ ಮಲಗಿದ್ದುವು ದಪ್ಪನ್ನ, ಕಂದು ಬಣ್ಣದ ಚುಟ್ಟಾ.

ಸಾಹೇಬನ ಬಟ್ಲರ, ಹುಲಗೂರಿನ ಖಲಂದರ, ಅಲ್ಲೇ ನಿಂತಿದ್ದ. “ಸಾವಕಾರ್ರ, ಅವು ಬಾಜಾರದ ಮಾಲು ಅಲ್ರಿ. ಹವಾನಾ ಅಂತ ಸಮುದ್ರದಾಚಿ ಊರಿನವು. ಸಾಹೇಬ್ರು ತಮ್ಮ ಮದವಿ ವರ್ಷ ತರಿಸಿ ಇಟ್ಟಿದ್ದು. ಹಳೇವಾದಷ್ಟೂ ಸೊಕ್ಕು ಇಳದು ಮೆತ್ತಗ ಮಾತಾಡ್ತಾವ,” ಅಂದ. ಆಮ್ಯಾಲೆ ಸೇದೂದು ಹೆಂಗಂತ ತಾನ ಕಲಿಸಿದ. “ಹೊಗಿ ನುಂಗಬ್ಯಾಡ್ರಿ, ಬಾಯಾಗ ಇಟ್ಟು ಹೊಳ್ಳಾಡಿಸ್ರಿ. ಬೂದಿ ಬಡೀಬ್ಯಾಡ್ರಿ, ತಾನ ಬೀಳ್ತೈತಿ. ಒಮ್ಮೆ ಹಚ್ಚಿದ್ರ ಮುಗಿಯೂತನಾ ಕುಂತಲ್ಲಿಂದ ಏಳಬ್ಯಾಡ್ರಿ. ನಡುವ ಆರಿಸಿ ಮತ್ತ ಹಚ್ಚಿದ್ರ ಕಹಿ ಬಡೀತೈತಿ.”

ಪೆಟಿಗಿ ಹಾನಗಲ್ಲಿಗೆ ಬಂತು. ಬಂದದ್ದ ತಡ, ಹೆಂಡ್ತಿ ಸಿದ್ದವ್ವ ಸೆರಗು ಸೊಂಟಕ್ಕ ಕಟ್ಟಿ ಹೊಸ್ತಿಲದಾಗ ನಿಂತಳು. “ಲಿಂಗಪೂಜಿ ಮಾಡೂ ಮನ್ಯಾಗ ಈ ಹೊಲಸು ಬಂದ್ರ ನಾ ತವರಮನಿಗೆ ಹೊಂಟೆ ನೋಡ್ರಿ,” ಅಂದಳು. ಪಾಪ, ಪರಮೇಶ್ವರಪ್ಪ ಅದನ್ನ ಅಂಗಡಿ ಅಟ್ಟದ ಮ್ಯಾಲೆ ಇಟ್ಟ. ಬ್ಯಾಸಗಿ ಬರೂದ್ರಾಗ ಮುಟ್ಟಿದ್ರ ಹಪ್ಪಳದಂಗ ಮುರಿಯಾಕ ಹತ್ತಿದ್ವು. ಆಗ ಚನ್ನವೀರಪ್ಪನ ಒಂದು ಉಪಾಯ ತಗದ. “ನಮ್ಮ ಎಲಿ ಖೋಲ್ಯಾಗ ಇಡೂಣು ಕೊಡೋ ಪರಮೇಶಿ,” ಅಂದ.

ಸವಣೂರಿನ ವೀಳ್ಯದೆಲಿ ಅಂದ್ರ ಪುಣೆ-ಮುಂಬೈ ಮಂದಿ ಬಾಯಿ ಬಿಡ್ತಾರ. ಚನ್ನವೀರಪ್ಪನ ತ್ವಾಟದ ನಡುವ ದಪ್ಪ ಮಣ್ಣಿನ ಗ್ವಾಡಿ ಖೋಲಿ ಇತ್ತು. ಕೊಯ್ದ ಎಲಿ ಹಸಿ ಬಾಳಿಪಟ್ಟ್ಯಾಗ ಸುತ್ತಿ ಅಲ್ಲಿ ಇಡ್ತಿದ್ರು. ಬ್ಯಾಸಗ್ಯಾಗೂ ಒಳಗ ಕಾಲಿಟ್ರ ಮೈ ತಣ್ಣಗಾಗ್ತಿತ್ತು. ಅಲ್ಲೇ ಒಂದು ಮೂಲ್ಯಾಗ ಪೆಟಿಗಿ ಇಟ್ರು. ಒಂದು ಮಳಿಗಾಲ ಕಳೀತು. ದಸರಾ ದಿನ ಇಬ್ಬರೂ ಬನ್ನಿ ಕೊಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೂಣು” ಅಂದು, ಮುಚ್ಚಳ ತಗದು, ಒಂದೊಂದು ಹಚ್ಚಿದ್ರು.

ಅಬಬಬ! ಮೊದಲ ಹಳೇ ಕಟಗಿ ವಾಸನಿ. ಆಮ್ಯಾಲೆ ಆಲೆಮನ್ಯಾಗ ಬೆಲ್ಲ ಕುದಿಯಾಕತ್ತಿದಾಗ ಬರೂ ಸಿಹಿ. ಹೊಗಿ ಬಿಟ್ಟ ಮ್ಯಾಲೆ, ಭಾಳ ತಡಾ ಮಾಡಿ, ನಾಲಗಿ ತುದಿಗೆ ಬರ್ತಿತ್ತು ವೀಳ್ಯದೆಲಿಯ ತಂಪು ಖಾರ. ಇದನ್ನ ಆ ಹವಾನಾದಂವ ಇಟ್ಟಿರಲಿಲ್ಲ, ಸಾಹೇಬ ಇಟ್ಟಿರಲಿಲ್ಲ. ಸವಣೂರಿನ ಮಣ್ಣಗ್ವಾಡಿ ಇಟ್ಟಿತ್ತು. “ಲೇ, ಇಂಥಾದ್ದು ಲಾಟಸಾಹೇಬನ ಹಂತ್ಯಾಕೂ ಇರಾಕಿಲ್ಲಲೇ,” ಅಂತ ಪರಮೇಶ್ವರಪ್ಪ ಕಣ್ಣಾಗ ನೀರು ತಂದ. ಚುಟ್ಟಾಕ್ಕ ಅಳಾಂವನ್ನ ನೋಡಿ ಚನ್ನವೀರಪ್ಪ ಹೊಟ್ಟಿ ಹಿಡಕೊಂಡು ನಕ್ಕ. ಅವತ್ತ ಇಬ್ಬರೂ ಕೊರಳಾಗಿನ ಲಿಂಗಾ ಮುಟ್ಟಿ ಮಾತು ಕೊಟ್ರು. ಇಬ್ಬರೂ ಕೂಡದ ಮುಚ್ಚಳ ತಗೀಬಾರದು. ಸೇದಿದ ಮ್ಯಾಲೆ ರುಚಿ ಹೆಂಗಿತ್ತಂತ ಇದ್ದದ್ದು ಇದ್ದಂಗ ಹೇಳಬೇಕು, ಸುಳ್ಳು ಹೇಳಬಾರದು.

ಹಿಂಗ ವರ್ಷಾ ವರ್ಷಾ ನಡೀತು. ಚಲೇಜಾವ್ ಚಳವಳಿ ಬಂತು ನೋಡ್ರಿ, ಆವಾಗ ಎಲ್ಲಾ ಮುಕ್ಕಾತು.

ಹಾನಗಲ್ಲಿನ್ಯಾಗ ಪರಮೇಶ್ವರಪ್ಪನ ಅಂಗಡಿ ಹಿಂದಿನ ಮನ್ಯಾಗ ಗೋಪಿಕಾಬಾಯಿ ಅಂತ ಗಂಡ ಇಲ್ಲದ ಬಾಯಿ ಇದ್ದಳು. ಆಕಿಗೆ ಇರೂದು ಒಬ್ಬ ಮಗ, ವಿಠ್ಠಲ. ಸಾಲಿ ಮಾಸ್ತರಕಿ ಮಾಡ್ತಿದ್ದ. ಪರಮೇಶ್ವರಪ್ಪಗ ಮಕ್ಕಳಿಲ್ಲ, ವಿಠ್ಠಲ ಅವನ ತೊಡಿ ಮ್ಯಾಲೆ ಆಡಿ ಬೆಳದಂವ, ‘ಕಾಕಾ’ ಅಂತಿದ್ದ. ಆ ಹುಡುಗ ಮಾಸ್ತರಕಿ ಒಗದು, ತಂತಿ ಕಡದು, ಚಾವಡಿ ದಫ್ತರಕ್ಕ ಬೆಂಕಿ ಹಚ್ಚಿ ಬಂದ. ಪೊಲೀಸರು ಹುಡುಕಾಕ ಹತ್ತಿದ್ರು. ಗೋಪಿಕಾಬಾಯಿ ಹಿತ್ತಲ ಬಾಗಲದಾಗ ಬಂದು ನಿಂತು, “ಪರಮೇಶ್ವರಪ್ಪನವರ, ನಾ ಹಡದೇನಿ ಅಷ್ಟ. ಇನ್ನ ಅಂವ ನಿಮ್ಮ ಮಗಾ ಅಂತ ತಿಳೀರಿ. ನಿಮ್ಮ ಕೈಯಾಗ ಇಟ್ಟೇನಿ,” ಅಂದಳು.

ಪರಮೇಶ್ವರಪ್ಪ ವಿಚಾರ ಮಾಡಿದ. ಸವಣೂರು ನವಾಬರ ಸಂಸ್ಥಾನ, ಬ್ರಿಟಿಷ ಸರಕಾರದ ಪೊಲೀಸರು ದರಬಾರದ ಪರವಾನಗಿ ಇಲ್ಲದ ಒಳಗ ಕಾಲಿಡಾಂಗಿಲ್ಲ. ಭತ್ತದ ಚೀಲದ ಗಾಡ್ಯಾಗ ಹುಡುಗನ್ನ ಮಲಗಿಸಿಕೊಂಡು ಹೋಗಿ ಚನ್ನವೀರಪ್ಪನ ಎಲಿ ಖೋಲ್ಯಾಗ ಇಳಿಸಿದ. ಈ ಮಾತು ಗೊತ್ತಿದ್ದದ್ದು ಇಬ್ಬರಿಗೆ. ತಾಯಿಗೂ ಊರ ಹೆಸರು ಹೇಳಿರಲಿಲ್ಲ. “ಚನ್ನಾ, ಇದು ನನ್ನ ಕರಳು ಐತಿ,” ಅಂದಾಗ ಚನ್ನವೀರಪ್ಪ, “ನಿನ್ನ ಕರಳಂದ್ರ ನಂದಲ್ಲೇನಲೇ ಹುಚ್ಚಪ್ಪಾ, ನೆಟ್ಟಗ ಮನಿಗ್ಹೋಗು,” ಅಂದ. ಎಂಥಾ ಮಾತು! ಕೇಳಿದವರ ಹೊಟ್ಟಿ ತಣ್ಣಗಾಗಬೇಕು.

ದಸರಾ ಇನ್ನೂ ದೂರ ಇತ್ತು. ಒಂದಿನ ಪೊಲೀಸ ಪೇದಿ ಬಂದು, ಶಿಗ್ಗಾವಿ ಮುಸಾಫರಿ ಬಂಗಲೇದಾಗ ಪೊಲೀಸ ದೊಡ್ಡ ಸಾಹೇಬರು ಇಳದಾರ, ಪಲ್ಟಣಕ್ಕ ಅಕ್ಕಿ ಬೇಕಾಗೈತಂತ, ಬರಬೇಕಂತ ಅಂದ. ಪರಮೇಶ್ವರಪ್ಪಗ ಹೋಗೂ ಮನಸ್ಸಿರಲಿಲ್ಲ. ಆದ್ರ ಹೋಗದಿದ್ರ ಸಂಶಯ ಬರ್ತೈತಿ. ಮೋಟಾರ ಹತ್ತಿ ಹ್ವಾದ.

ಸಾಹೇಬ ನಮ್ಮ ದೇಶದಂವನ, ಕೊಲ್ಲಾಪುರ ಕಡ್ಯಾಂವ. ನಗಮುಖದ ಮನಷ್ಯಾ. ಪಡಸಾಲ್ಯಾಗ ಬೆತ್ತದ ಖುರ್ಚಿ ಹಾಕಿಸಿ, “ಬಸಾ ಸಾವಕಾರ, ಕುಂದರ್ರಿ,” ಅಂದ. ಅಕ್ಕಿ ದರದ ಮಾತು ಮಾತಾಡಿದ. ನಡುವ ತೊಗಲಿನ ಚೀಲದಿಂದ ಒಂದು ಚುಟ್ಟಾ ತಗದು ಮುಂದ ಹಿಡದ. “ತಗೋರಿ. ನಿಮಗ ಇದರ ದರ್ದು ಭಾಳ ಐತಂತ ಕೇಳೇನಿ.” ಪರಮೇಶ್ವರಪ್ಪ ಬ್ಯಾಡ ಬ್ಯಾಡ ಅಂದ. ಸಾಹೇಬ ತಾನ ಕಡ್ಡಿ ಕೊರದ. ದೊಡ್ಡವರು ಕಡ್ಡಿ ಕೊರದು ಹಿಡದ ಮ್ಯಾಲೆ ಬ್ಯಾಡ ಅನ್ನಾಕ ಬರ್ತೈತೇನು? ಹಚ್ಚಿದ.

ಹಳೇ ಕಟಗಿ. ಬೆಲ್ಲದ ಸಿಹಿ. ‘ಎಲಾ ಇವನ, ಸಾಹೇಬನ ಕಡೇನೂ ಚಲೋ ಮಾಲು ಐತಲ್ಲ’ ಅನಕೊಂಡ. ಹೊಗಿ ಬಿಟ್ಟ. ತಡಾ ಮಾಡಿ, ನಾಲಗಿ ತುದಿಗೆ ಬಂತು ವೀಳ್ಯದೆಲಿ.

ಕೈ ಅಲ್ಲೇ ನಿಂತು ಬಿಡ್ತು. ಮತ್ತೊಂದು ಜುರಿಕಿ ಎಳದ, ಸುಳ್ಳಾಗಲಿ ಶಿವನ ಅಂತ. ಸುಳ್ಳಾಗಲಿಲ್ಲ. ಈ ವಾಸನಿ ಜಗತ್ತಿನ್ಯಾಗ ಒಂದ ಪೆಟಿಗ್ಯಾಗ ಐತಿ. ಆ ಪೆಟಿಗಿ ಒಂದ ಖೋಲ್ಯಾಗ ಐತಿ. ಆ ಖೋಲ್ಯಾಗ ವಿಠ್ಠಲ ಅದಾನ. ಚನ್ನಾ, ಲಿಂಗಾ ಮುಟ್ಟಿ ಆಣಿ ಮಾಡಿದ್ದೆಲ್ಲೋ! ಮುಚ್ಚಳ ತಗದಿ, ಸಾಹೇಬಗ ಕೊಟ್ಟಿ. ಮತ್ತೇನೇನು ಕೊಟ್ಟಿಯೋ ಪಾಪಿ!

ಎದ್ದು ಓಡಬೇಕು, ಸವಣೂರಿಗೆ ಸುದ್ದಿ ಮುಟ್ಟಿಸಬೇಕು ಅನಸ್ತು. ಆದ್ರ ಎದ್ರ ಸಾಹೇಬಗ ಗೊತ್ತಾಗತೈತಿ, ಗೊತ್ತಿಲ್ಲದಿದ್ರೂ ಗೊತ್ತಾಗತೈತಿ. ಬರೇ ಚುಟ್ಟಾ ಕೊಟ್ಟಿರಬೇಕು, ಹುಡುಗನ ಸುದ್ದಿ ಹೇಳಿರಾಕಿಲ್ಲ, ಚನ್ನಾ ಅಷ್ಟು ಕೆಳಗ ಇಳಿಯಾಂಗಿಲ್ಲ ಅಂತ ತನಗ ತಾನ ಸಮಾಧಾನ ಹೇಳಿಕೊಂಡ. ಏನೂ ಆಗದವರಂಗ ಕುಂತು, ಇದನ್ನ ಮುಗಿಸಿ, ನಮಸ್ಕಾರ ಮಾಡಿ ಹೊಂಟು ಬಿಡೂಣು ಅಂತ ನಿಶ್ಚೈ ಮಾಡಿದ. ಅಲ್ಲೇ ಕೆಟ್ಟದ್ದು ನೋಡ್ರಿ. ಅವನ್ನ ಕುಂದ್ರಸಾಕ ಆ ಚುಟ್ಟಾ ಕೊಟ್ಟಿದ್ದು. ಹಚ್ಚಿದ್ರ ಮುಗಿಯೂತನಾ ಏಳೂದಿಲ್ಲ ಅನ್ನೂ ಗುಟ್ಟು ಸಾಹೇಬಗ ಹೇಳಿದಾಂವ ಇನ್ನ್ಯಾರು? ಸಂಗಾತಿನ ಅಲ್ಲೇನು?

ತಾಸು ಹ್ವಾತು. ಬೂದಿ ಉದ್ದ ಆಗಿ ತಾನ ಬಿತ್ತು. “ಹೆಂಗೈತಿ?” ಅಂತ ಸಾಹೇಬ ಕೇಳಿದ. ಇಷ್ಟು ವರ್ಷ ರುಚಿ ಬಗ್ಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ. ಹಾಳಾದ ನಾಲಗಿ, ಎದಿ ಉರಿಯಾಕತ್ತಿದ್ರೂ ತನ್ನ ಕೆಲಸ ತಾನು ಮಾಡ್ತಿತ್ತು. ಆ ಪೆಟಿಗ್ಯಾಗಿನ ಎಲ್ಲಾದ್ರಕಿಂತ ಚಲೋದು ಅದ ಇತ್ತು. “ಭಾಳ ಚಲೋ ಐತ್ರಿ ಸಾಹೇಬ್ರ,” ಅಂದ.

ಅನ್ನೂದಕ್ಕೂ ಕಂಪೌಂಡಿನ್ಯಾಗ ಪೊಲೀಸ ಮೋಟಾರ ಬಂದು ನಿಲ್ಲೂದಕ್ಕೂ ಸರಿ ಹೋತು. ದರಬಾರದ ಪರವಾನಗಿ ತಗೊಂಡು ಹೋಗಿ, ಬೆಣ್ಯಾಗಿನ ಕೂದಲಾ ತಗದಂಗ ತಗದು ತಂದಿದ್ರು. ವಿಠ್ಠಲನ ಕೈಗೆ ಬೇಡಿ, ಅಂಗಿ ಮ್ಯಾಲೆ ಇನ್ನೂ ಬಾಳಿಪಟ್ಟಿ ಚೂರು ಹತ್ತಿದ್ವು. ಪಾವಟಿಗಿ ಹತ್ತಿ ಬಂದಾಂವ ಖುರ್ಚ್ಯಾಗ ಕುಂತ ಕಾಕಾನ್ನ ನೋಡಿದ, ಕಾಕಾನ ಕೈಯಾಗಿನ ಹೊಗಿ ನೋಡಿದ, ಬಾಜೂಕ ಕುಂತ ಸಾಹೇಬನ್ನ ನೋಡಿದ.

“ಇವರ ಗುರ್ತು ಐತೇನು?” ಸಾಹೇಬ ಕೇಳಿದ. “ನಿನ್ನ ಅಲ್ಲಿ ಇಟ್ಟಾಂವ ಯಾರು, ಇವರ ಹೌದಲ್ಲೋ? ಒಂದು ಮಾತು ಹೇಳು.”

ಹೂಂ ಅಂದಿದ್ರ ಅವತ್ತ ಪರಮೇಶ್ವರಪ್ಪನ ಕೈಗೂ ಬೇಡಿ ಬೀಳ್ತಿತ್ತು, ಅಂಗಡಿ ಜಪ್ತಿ ಆಗ್ತಿತ್ತು. ಹುಡುಗ ನೆಟ್ಟಗ ಕಣ್ಣಾಗ ಕಣ್ಣಿಟ್ಟು, “ಇಲ್ಲ. ನಿಮ್ಮ ಜೋಡಿ ಕೂತು ಚುಟ್ಟಾ ಸೇದೋ ಮಂದೀದು ನನಗ ವಳಕಿ ಇಲ್ಲ,” ಅಂದ.

ಪರಮೇಶ್ವರಪ್ಪ ಹಾನಗಲ್ಲಿಗೆ ಹೋಗಲಿಲ್ಲ, ಸೀದಾ ಸವಣೂರಿಗೆ ಹ್ವಾದ. ಚನ್ನವೀರಪ್ಪ ತ್ವಾಟದ ಬಾಂವ್ಯಾಗ ಕಾಲು ತೊಳ್ಯಾಕತ್ತಿದ್ದ. ಹೋದಾಂವನ ಅವನ ಅಂಗಿ ಹಿಡದ. “ಯಾಕ ಮಾಡಿದ್ಯೋ? ನಂಬಿದವರ ಕುತಿಗಿ ಕೊಯ್ಯಾಕ ನಿನಗ ನಾನ ಸಿಕ್ಕನೇನೋ?”

ಚನ್ನವೀರಪ್ಪ ಅಂಗಿ ಬಿಡಿಸಿಕೊಳ್ಳಲಿಲ್ಲ. “ಬೈ, ಹೊಡಿ,” ಅಂದ. “ಪೆಟ್ರೋಲ ಇಲ್ಲದ ನನ್ನ ಲಾರಿ ನಿಂತು ಎಲಿ ಎಲ್ಲಾ ಕೊಳ್ಯಾಕತ್ತಿತ್ತು. ಪರವಾನಗಿ ಕೇಳಾಕ ಆ ಸಾಹೇಬನ ಕಡೆ ಹ್ವಾದೆ. ಅವರಿಗೆ ಮದಲ ಸುಳುವು ಹತ್ತಿತ್ತೋ ಪರಮೇಶಿ. ಹುಡುಗನ್ನ ಕೊಟ್ರ ನಿನ್ನ ಮುಟ್ಟಾಂಗಿಲ್ಲ ಅಂದ್ರು. ನಿನ್ನ ಉಳಿಸೇನಿ ನಾನು. ನಿನ್ನ ಸಲುವಾಗೇ ಮಾಡೇನಿ.”

“ನನ್ನ ಸಲುವಾಗಿ?” ಪರಮೇಶ್ವರಪ್ಪನ ಕೈ ಸಡಿಲಾತು. ಹೊಡ್ಯಾಕ ಬಂದಾಂವ ಬಾಂವಿ ಕಟ್ಟಿ ಮ್ಯಾಲೆ ಕುಂತು ಗೊಳೋ ಅಂತ ಅತ್ತ. ಸಣ್ಣವರಿದ್ದಾಗ ಇವನ ಸಲುವಾಗಿ ಅಳ್ತಿದ್ದ ಗೆಳೆಯ ಅವತ್ತ ಅಳಲಿಲ್ಲ, ಕಾಲು ಒರಸಿಕೊಂಡ. ಕಡೀಕ ಪರಮೇಶ್ವರಪ್ಪ, “ಒಂದ ಕೆಲಸ ಮಾಡು. ಗೋಪಿಕಾಬಾಯಿ ಮುಂದ ಬಂದು ಇದ್ದದ್ದು ಹೇಳು. ಆಕಿ ನಾನು ಕೊಟ್ಟೆ ಅಂತ ತಿಳೀಬಾರದು. ಇಷ್ಟ ಸಾಕು, ಮತ್ತ ನಿನ್ನ ಮಾರಿ ನೋಡಾಂಗಿಲ್ಲ,” ಅಂದ. ಚನ್ನವೀರಪ್ಪ ಒಪ್ಪಿದ. ಒಪ್ಪಿದ್ದು ನೋಡಿ ಪರಮೇಶ್ವರಪ್ಪಗ, ಪಾಪ, ಇನ್ನೂ ಸ್ವಲ್ಪ ಮನುಷ್ಯಾತನ ಉಳದೈತಿ ಅನಸ್ತು.

ಮರುದಿನ ಇಬ್ಬರೂ ಗೋಪಿಕಾಬಾಯಿ ಪಡಸಾಲ್ಯಾಗ ನಿಂತ್ರು. ಅಷ್ಟೊತ್ತಿಗೆ ಊರ ತುಂಬ ಸುದ್ದಿ ಆಗಿತ್ತು, ಪರಮೇಶ್ವರಪ್ಪ ಸಾಹೇಬನ ಬಾಜೂಕ ಕುಂತು ಚುಟ್ಟಾ ಸೇದಿದನಂತ, ಮಜಾ ಐತಿ ಅಂದನಂತ. ಆಕಿ ಕಂಬಕ್ಕ ಆತು ನಿಂತಿದ್ದಳು. ಕುಂದರ್ರಿ ಅನ್ನಲಿಲ್ಲ.

ಚನ್ನವೀರಪ್ಪ ಕೈ ಮುಗದ. “ಅವ್ವಾರ, ನಮ್ಮ ಪರಮೇಶಿ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ,” ಅಂದ. “ಹುಡುಗ ಹಿಂಗ ಅಡ್ಡಾಡಿದ್ರ ಒಂದಿನ ಗುಂಡಿಗೆ ಬಲಿ ಆಗ್ತಾನ, ಜೇಲಿನ್ಯಾಗಿದ್ರ ಜೀವಾನರ ಉಳೀತೈತಿ ಅಂತ ಇಬ್ಬರೂ ವಿಚಾರ ಮಾಡಿದ್ವಿ. ನಿಮ್ಮ ಮಗನ ಒಳ್ಳೇದಕ್ಕ ಮಾಡ್ಯಾನ್ರಿ ಅಂವ.”

ಪರಮೇಶ್ವರಪ್ಪ ಮುಂದ ಬಂದ. “ಸುಳ್ಳು!” ಅಂತ ಚೀರಿದ. “ಅವ್ವಾರ, ಇಂವ ಬೊಗಳೂದು ಸುಳ್ರಿ! ಕೊಟ್ಟಾಂವ ಇವನ, ಇವನೊಬ್ಬನ! ನನ್ನ ಲಿಂಗದಾಣಿಗೂ ನನಗ ಗೊತ್ತಿರಲಿಲ್ರಿ!”

“ಯಾಕ ಹಿಂಗ ಮಾಡ್ತೀಯೋ ಪರಮೇಶಿ,” ಅಂತ ಚನ್ನವೀರಪ್ಪ ಮೆತ್ತಗ ಅಂದ, ಹುಚ್ಚನ್ನ ಸಮಾಧಾನ ಮಾಡಿದಂಗ.

ಗೋಪಿಕಾಬಾಯಿ ಇಬ್ಬರನ್ನೂ ನೋಡಿದಳು. ಆಕಿ ದನಿ ಏರಲಿಲ್ಲ.

“ಅವರು ನಿಮ್ಮ ಹೆಸರು ಹೇಳತಾರ, ನೀವು ಅವರ ಹೆಸರು ಹೇಳತೀರಿ. ನಿನ್ನೆ ರಾತ್ರಿಯಿಂದ ಬೆನ್ನಿನ ಚರ್ಮಾ ಸುಲಿಯೋಹಂಗ ಹೊಡ್ಯಾಕಹತ್ಯಾರಂತ ಅವಂಗ, ಯಾರು ಇಟ್ಟರು, ಯಾರು ಅನ್ನಾ ಹಾಕಿದರು ಹೇಳು ಅಂತ. ನನ್ನ ಮಗ ಇನ್ನೂ ನಿಮ್ಮಿಬ್ಬರೊಳಗ ಒಬ್ಬರ ಹೆಸರೂ ಹೇಳಿಲ್ಲ.”