ಕಂಬಿ ಹಿಡಿಯದ ಕಂಡಕ್ಟರಮ್ಮ

ಇಪ್ಪತ್ತೊಂಬತ್ತು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಬದುಕಿದವಳಿಗೆ, ನಿಂತಲ್ಲೇ ನಿಂತ ಮನೆಯೊಳಗೆ ಕೂರುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಶುಕ್ರವಾರ ನಿವೃತ್ತಿಯಾಯಿತು. ಬುಧವಾರದ ಹೊತ್ತಿಗೆ ಕಂಡಕ್ಟರಮ್ಮ ಮನೆಯ ಕಪಾಟುಗಳನ್ನೆಲ್ಲ ಮೂರು ಸಲ ಖಾಲಿ ಮಾಡಿ ಮೂರು ಸಲ ತುಂಬಿದ್ದಳು. ಹೊರಗೆ ಹೊರಟವರನ್ನೆಲ್ಲ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಕೇಳಿ ಕೇಳಿ ಮಗನ ತಲೆ ಚಿಟ್ಟು ಹಿಡಿಸಿದ್ದಳು. ಕುರ್ಚಿಯಲ್ಲಿ ಕೂತರೆ ಹಿಮ್ಮಡಿ ತಾನೇ ತಾನಾಗಿ ನೆಲ ಬಡಿಯುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಮಗ, ಇಷ್ಟು ದಿನ ದುಡಿದಿದ್ದು ಸಾಕು, ಇನ್ನಾದರೂ ಹಾಯಾಗಿರು ಎಂದ. ಹಾಯಾಗಿರುವುದು ಅವಳ ಮಟ್ಟಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು.

ಕೊನೆಗೆ ಸೊಸೆಯೇ ಅವಳನ್ನು ತನ್ನ ಕ್ಲಾಸಿಗೆ ಕರೆದಳು. ಹಳೆಯ ಕಟ್ಟಡವೊಂದರ ಎರಡನೇ ಮಹಡಿಯ ಹಾಲಿನಲ್ಲಿ ಸೊಸೆ 'ಬಾರ್' ವ್ಯಾಯಾಮ ಹೇಳಿಕೊಡುತ್ತಿದ್ದಳು. ಬ್ಯಾಲೆ ಕುಣಿಯುವವರು ಅಭ್ಯಾಸಕ್ಕೆ ಹಿಡಿದುಕೊಳ್ಳುವ ಮರದ ಕಂಬಿಗೆ ಆ ಹೆಸರು. ಗೋಡೆಯುದ್ದಕ್ಕೂ ಸೊಂಟದ ಮಟ್ಟಕ್ಕೆ ಅಂಥದೊಂದು ಕಂಬಿ, ಎದುರು ಗೋಡೆಗೆ ಕನ್ನಡಿ. ಕುಣಿತ ಗೊತ್ತಿರಬೇಕಾಗಿಲ್ಲ, ವಯಸ್ಸಿನ ಕಟ್ಟುಪಾಡಿಲ್ಲ, ಹೊಸಬರೂ ಹಳಬರೂ ಒಟ್ಟಿಗೇ ಮಾಡಬಹುದು ಎಂದು ಸೊಸೆ ವಿವರಿಸಿದಳು. ಪಕ್ಕದ ಮನೆಯಾಕೆಗೆ ಇದು ಅರ್ಧ ಮಾತ್ರ ಕೇಳಿಸಿತು. ಅತ್ತೆ ಸೊಸೆ ಇಬ್ಬರೂ ಬೆಳಿಗ್ಗೆ ಹತ್ತಕ್ಕೇ ಬಾರಿಗೆ ಹೋಗುತ್ತಾರೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಬೀದಿಯ ತುದಿ ಮುಟ್ಟಿತು.

ಮೊದಲ ದಿನ ಎಂಟು ಜನ ಹೆಂಗಸರು ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು. ಸೊಸೆ ಕಂಬಿಯನ್ನು ಹಗುರವಾಗಿ ಹಿಡಿದು ತುದಿಗಾಲಲ್ಲಿ ಏಳಿ ಎಂದಳು. ಹಳಬರೂ ಅತ್ತಿತ್ತ ವಾಲಾಡಿದರು. ಕಂಡಕ್ಟರಮ್ಮ ಮಾತ್ರ ಎರಡೂ ಕೈ ಬಿಟ್ಟು, ತಿರುವಿನಲ್ಲಿ ಟಿಕೆಟ್ ಹರಿಯುತ್ತಿದ್ದವಳ ಗತ್ತಿನಲ್ಲಿ, ಕಂಬದಂತೆ ನಿಂತಳು. ಪಕ್ಕದಲ್ಲಿದ್ದ ಬೇಕರಿಯಾಕೆ ಬಾಯಿಬಿಟ್ಟುಕೊಂಡು ನೋಡಿದಳು. ಕಂಡಕ್ಟರಮ್ಮನಿಗೆ ಒಳಗೊಳಗೇ ಹಿಗ್ಗು.

ಹಿಗ್ಗು ಹತ್ತು ನಿಮಿಷ ಇತ್ತು. ಆಮೇಲೆ ಬಂದಿದ್ದು ಸಣ್ಣ ಚಲನೆಗಳು. ಮೊಣಕಾಲು ಬಗ್ಗಿಸಿ ಒಂದಂಗುಲ ಮೇಲೆ, ಒಂದಂಗುಲ ಕೆಳಗೆ. ಮತ್ತೆ ಅಲ್ಲೇ ತಡೆದು ನಿಲ್ಲಬೇಕು. ನೆಲ ಅಲುಗಾಡಿದ್ದರೆ ಅವಳು ಎಷ್ಟು ಹೊತ್ತಾದರೂ ನಿಲ್ಲುತ್ತಿದ್ದಳು. ಅಲುಗಾಡದ ನೆಲದ ಮೇಲೆ ತೊಡೆಗಳು ಗಡಗಡ ನಡುಗತೊಡಗಿದವು. ನಡುಗಿದರೆ ಒಳ್ಳೆಯದು, ಸ್ನಾಯು ಕೆಲಸ ಮಾಡುತ್ತಿದೆ ಎಂದರ್ಥ ಎಂದು ಸೊಸೆ ಹುರಿದುಂಬಿಸಿದಳು. ಕಂಡಕ್ಟರಮ್ಮನಿಗೆ ಅದು ಒಳ್ಳೆಯದೆನಿಸಲಿಲ್ಲ. ಒಂದು ಕಡೆ ತಡೆದು ನಿಂತಷ್ಟೂ ಎಲ್ಲಿಗೋ ಹೊತ್ತಾಗುತ್ತಿದೆ ಎಂಬ ಗಾಬರಿ. ಅವಳು ಸಾಲು ಬಿಟ್ಟು ಹಾಲಿನ ಉದ್ದಕ್ಕೂ ಓಡಾಡಲು ಶುರುಮಾಡಿದಳು. ಸುಮ್ಮನೆ ಓಡಾಡಿದರೆ ಚೆನ್ನಾಗಿರುವುದಿಲ್ಲವೆಂದು ಒಬ್ಬರ ಭುಜ ಸರಿಮಾಡಿದಳು, ಇನ್ನೊಬ್ಬರಿಗೆ ಒತ್ತಿ ನಿಲ್ಲಲು ಹೇಳಿದಳು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು, ಆ ದಿನ.

ಮೂರನೆಯ ಕ್ಲಾಸಿನಲ್ಲಿ ಅವಳ ಕಣ್ಣು ಕಂಬಿಯ ಬಾಗಿಲ ಕಡೆಯ ತುದಿಗೆ ಬಿತ್ತು. ಕನ್ನಡಿ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಅಲ್ಲಿ ನಿಲ್ಲುತ್ತಿದ್ದವಳು ಹೊಲಿಗೆಯಾಕೆ. ಅವಳೂ ಹೊಸಬಳೇ, ಕ್ಲಾಸು ಸೇರಿ ತಿಂಗಳಾಗಿತ್ತು. ಕಂಡಕ್ಟರಮ್ಮನಿಗೆ ಅವಳ ಗುರುತಿತ್ತು. ಅಂಚೆ ಕಚೇರಿ ಸ್ಟಾಪಿನಲ್ಲಿ ಹತ್ತಿ, ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ ಹೆಂಗಸು.

"ಒಳಗೆ ಬನ್ನಿ, ಮಧ್ಯದಲ್ಲಿ ಇಷ್ಟು ಜಾಗ ಇದೆ," ಎಂದು ಕಂಡಕ್ಟರಮ್ಮ ಅವಳ ಮೊಣಕೈ ಹಿಡಿದು ಕನ್ನಡಿಯ ಎದುರಿಗೇ ತಂದು ನಿಲ್ಲಿಸಿದಳು. ಹೊಲಿಗೆಯಾಕೆ ಪಿಟ್ಟೆನ್ನದೆ ಬಂದಳು. ಇತರರ ಹಿಮ್ಮಡಿ ನೆಲದಲ್ಲಿದ್ದಾಗಲೂ ಅವಳ ಎಡ ಹಿಮ್ಮಡಿ ಮೇಲೇ ಇತ್ತು. ಪರವಾಗಿಲ್ಲ, ಚೆನ್ನಾಗಿ ಕಲಿತಿದ್ದಾಳೆ ಎಂದುಕೊಂಡಳು ಕಂಡಕ್ಟರಮ್ಮ. ಹೊಲಿಗೆಯಾಕೆ ಮೊದಲು ನಿಂತಿದ್ದ ಜಾಗದಲ್ಲಿ ಬೆಂಡಿನ ಸಣ್ಣ ಹಲಗೆಯೊಂದು ಬಿದ್ದಿತ್ತು. ಯಾರೋ ಮರೆತಿರಬೇಕೆಂದು ಅದನ್ನೆತ್ತಿ ಮೂಲೆಗಿಟ್ಟಳು. ಆಚೆ ಬದಿಯಲ್ಲಿ ಬೇಕರಿಯಾಕೆಯ ಬೆನ್ನು ತಿದ್ದುತ್ತಿದ್ದ ಸೊಸೆ ತಿರುಗಿ ನೋಡುವಷ್ಟರಲ್ಲಿ ಇದೆಲ್ಲ ನಡೆದುಹೋಗಿತ್ತು.

ಮುಂದಿನ ಕ್ಲಾಸಿಗೆ ಹೊಲಿಗೆಯಾಕೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆ ದಿನ ಕ್ಲಾಸು ಮುಗಿಸಿ ಇಬ್ಬರೂ ಮನೆಗೆ ಬಂದರು. ಬೀಗ ತೆಗೆದು ಒಳಗೆ ಬಂದ ಮೇಲೆ ಸೊಸೆ ಕೈಚೀಲ ಕೆಳಗಿಟ್ಟು ಹೇಳಿದಳು.

"ಯಾರ ಕಣ್ಣಿಗೂ ಬೀಳದ ಜಾಗ ಇದ್ರೆ ಮಾತ್ರ ಬರ್ತೀನಿ ಅಂದಿದ್ರು ಅವರು. ನಾನು ಒಪ್ಕೊಂಡಿದ್ದೆ. ಅತ್ತೆ, ನಾಳೆಯಿಂದ ನೀವು ಬರೋದು ಬೇಡ."

ದನಿ ಏರಿರಲಿಲ್ಲ. ಅದಕ್ಕೇ ಹೆಚ್ಚು ತಟ್ಟಿತು. ಇಷ್ಟು ವರ್ಷ ಸಾವಿರಾರು ಜನರನ್ನು ಬಸ್ಸಿನಿಂದ ಇಳಿಸಿದವಳನ್ನು ಇಂದು ಸೊಸೆ ನಡುದಾರಿಯಲ್ಲಿ ಇಳಿಸಿದಂತಾಯಿತು. ನಾನೇನು ಮಾಡಬಾರದ್ದು ಮಾಡಿದೆ ಎಂದು ಗೊಣಗುತ್ತ ಮತ್ತೆ ಕಪಾಟು ಖಾಲಿ ಮಾಡಲು ಹೋದಳು.

ಮರುದಿನ ಬೆಳಿಗ್ಗೆ ಸೊಸೆ ಕ್ಲಾಸಿಗೆ ಹೋದಳು. ಕಂಡಕ್ಟರಮ್ಮ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಹತ್ತು ಸಲ ನಡೆದು, ನಿಂತ ಕಾಲಲ್ಲೇ ಹೊರಟು ತನ್ನ ಹಳೆಯ ಬಸ್ಸು ಹತ್ತಿದಳು. ಎಳೆಯ ವಯಸ್ಸಿನ ಹೊಸ ಕಂಡಕ್ಟರು ಸೀಟು ತೋರಿಸಿ ಕೂರಲು ಹೇಳಿದ. ಅವಳು ನಿಂತೇ ಇದ್ದಳು. ಅಂಚೆ ಕಚೇರಿ ಸ್ಟಾಪು ಬಂತು, ಇಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬಂದಳು, ಆಗಲೂ ಇಳಿಯಲಿಲ್ಲ. ಎಲ್ಲಿಗೆ ಹೋಗಬೇಕಮ್ಮ ಎಂದು ಹುಡುಗ ಅನುಮಾನದಿಂದ ಕೇಳಿದ ಮೇಲೆ, ಅಂಚೆ ಕಚೇರಿ ಮೂರನೆಯ ಸಲ ಬಂದಾಗ ಇಳಿದಳು.

ಹೊಲಿಗೆ ಅಂಗಡಿ ಸ್ಟಾಪಿನ ಎದುರಿಗೇ ಇತ್ತು. ಒಂದೇ ಮಿಷನ್ನು, ಗೋಡೆ ತುಂಬ ತೋಳು ಸೇರಿಸಬೇಕಾದ ಕೋಟುಗಳು, ಇಬ್ಬರು ನಿಂತರೆ ತುಂಬಿಹೋಗುವ ಜಾಗ. ಹೊಲಿಗೆಯಾಕೆ ತಲೆಯೆತ್ತಿ ನೋಡಿ ಎದ್ದು ನಿಂತಳು. ಕಂಡಕ್ಟರಮ್ಮನ ಕಣ್ಣು ಅವಳ ಕಾಲಿಗೆ ಹೋಯಿತು. ಬಲಗಾಲಿನ ಚಪ್ಪಲಿ ಎಲ್ಲರದರಂತಿತ್ತು. ಎಡಗಾಲಿನದಕ್ಕೆ ಒಂದಂಗುಲ ದಪ್ಪದ ಅಟ್ಟೆ ಹಾಕಿಸಿದ್ದಳು.

ಮೇಲೇ ಇದ್ದ ಹಿಮ್ಮಡಿ, ತಾನೇ ಎತ್ತಿ ಮೂಲೆಗಿಟ್ಟ ಬೆಂಡಿನ ಹಲಗೆ, ಎರಡೂ ಒಟ್ಟಿಗೆ ನೆನಪಾಗಿ ಅವಳ ಮೋರೆ ಸಣ್ಣಗಾಯಿತು.

"ಬಸ್ಸಲ್ಲೂ ದಿನಾ ಹಾಗೇ ಅಂತಿದ್ರಿ, ಒಳಗೆ ಹೋಗಿ ಅಂತ," ಎಂದಳು ಹೊಲಿಗೆಯಾಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದ ಹಾಗಿತ್ತು. "ಬಸ್ಸಲ್ಲಿ ಕಾಲಿಗೆ ಚಪ್ಪಲಿ ಇರ್ತಿತ್ತು."

ಕಂಡಕ್ಟರಮ್ಮ ಕ್ಷಮೆ ಕೇಳುವ ಅಭ್ಯಾಸ ಇಟ್ಟುಕೊಂಡವಳಲ್ಲ. ಕೋಟಿನ ತೋಳೊಂದನ್ನು ಮುಟ್ಟಿದಳು, ಬಾಗಿಲ ಹೊರಗೆ ನೋಡಿದಳು, ಆ ಎರಡು ಹೆಜ್ಜೆ ಜಾಗದಲ್ಲೇ ಹಿಂದೆ ಮುಂದೆ ಆಡಿದಳು.

"ತಪ್ಪಾಯ್ತು. ನಂಗೆ ಒಂದ್ ಕಡೆ ನಿಲ್ಲಕ್ಕಾಗಲ್ಲ. ಅದಕ್ಕೆ ನಿಂತೋರನ್ನ ಕದಲಿಸ್ತೀನಿ," ಎಂದಳು ಕೊನೆಗೆ.

ಹೊಲಿಗೆಯಾಕೆ ಸ್ಟೂಲೊಂದನ್ನು ಮುಂದೆ ತಳ್ಳಿದಳು. ಕಂಡಕ್ಟರಮ್ಮ ಕೂತಳು. ಕೂತ ತಕ್ಷಣ ಹಿಮ್ಮಡಿ ಶುರುವಾಯಿತು. ನಿಮ್ಮ ಕಾಲಿಗೆ ಒಂದು ಮಿಷನ್ನು ಕಟ್ಟಿದ್ದರೆ ನನ್ನ ಬಾಕಿ ಕೋಟೆಲ್ಲ ಸಂಜೆಯೊಳಗೆ ಮುಗಿಯುತ್ತಿತ್ತು ಎಂದು ಹೊಲಿಗೆಯಾಕೆ ನಕ್ಕಳು. ಆಮೇಲೆ ಒಂದು ಹಳೆಯ ಕೋಟು ಕೊಟ್ಟು ಹೊಲಿಗೆ ಬಿಚ್ಚಲು ಹೇಳಿದಳು. ಮಧ್ಯಾಹ್ನದವರೆಗೆ ಒಬ್ಬಳು ಹೊಲಿದಳು, ಇನ್ನೊಬ್ಬಳು ಬಿಚ್ಚಿದಳು. ಹೊರಡುವಾಗ ಕಂಡಕ್ಟರಮ್ಮ, ನೀವು ಕ್ಲಾಸಿಗೆ ಹೋಗಿ, ನಾನು ಆ ಕಡೆ ತಲೆ ಹಾಕುವುದಿಲ್ಲ ಎಂದಳು. ಹೊಲಿಗೆಯಾಕೆ ದಾರವನ್ನು ಹಲ್ಲಿನಿಂದ ಕಡಿದು, ನೀವು ಬಂದರೆ ನನಗೇನೂ ಇಲ್ಲ, ನನ್ನ ಮೊಣಕೈ ಮುಟ್ಟದಿದ್ದರೆ ಸಾಕು ಎಂದಳು.

ಸಂಜೆ ಕಂಡಕ್ಟರಮ್ಮ ಇದನ್ನೆಲ್ಲ ಸೊಸೆಗೆ ಹೇಳಿದಳು. ಕಾಲಿನ ವಿಷಯ ನನಗೊಬ್ಬಳಿಗೇ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ ಎಂದಳು ಸೊಸೆ. ಆಮೇಲೆ, ಮತ್ತೆ ಕ್ಲಾಸಿಗೆ ಬರಲು ಒಂದೇ ಷರತ್ತು ಹಾಕಿದಳು. ಕಂಬಿ ಬಿಡಬಾರದು.

ಸೋಮವಾರ ಹೊಲಿಗೆಯಾಕೆ ಬಂದು ಬಾಗಿಲ ಕಡೆಯ ತನ್ನ ಜಾಗದಲ್ಲಿ ನಿಂತಳು. ಕಂಡಕ್ಟರಮ್ಮ ಕಿಟಕಿಯ ಬಳಿ ಕೊಟ್ಟಕೊನೆಗೆ ಹೋಗಿ ಎರಡೂ ಕೈಯಲ್ಲಿ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಸೊಸೆ ಎಣಿಸತೊಡಗಿದಳು. ತೊಡೆ ನಡುಗಿತು. ಬೆವರು ಕಣ್ಣಿಗಿಳಿಯಿತು. ಸಾಲಿನಲ್ಲಿ ಬೇಕರಿಯಾಕೆಯ ಭುಜ ಕಿವಿಯವರೆಗೆ ಏರಿದ್ದು ಕಂಡು ಬೆರಳುಗಳು ತುಡಿದವು, ಆದರೂ ಕೈ ಬಿಡಲಿಲ್ಲ. ಹನ್ನೊಂದು ನಿಮಿಷ ತಡೆದಳು. ಹನ್ನೆರಡನೆಯದಕ್ಕೆ, ಎಲ್ಲಿಗೋ ಹೊತ್ತಾಯಿತೆಂದು, ಕಂಬಿ ಬಿಟ್ಟಳು. ಯಾರನ್ನೂ ಮುಟ್ಟದೆ, ಯಾರಿಗೂ ಏನೂ ಹೇಳದೆ, ಗೋಡೆ ಬದಿಯಿಂದ ಹೊರಗೆ ಹೋಗಿ ಮೆಟ್ಟಿಲಿಳಿದಳು. ಬೀದಿಯವರೆಗೂ ಹೋದ ಮೇಲೆ ಬರಿಗಾಲಲ್ಲಿದ್ದೇನೆಂದು ಗೊತ್ತಾಯಿತು. ಒಂದು ಗಳಿಗೆ ನಿಂತಳು, ಮತ್ತೆ ಎರಡು ಮಹಡಿ ಹತ್ತಿದಳು.

ಹಾಲಿನಲ್ಲಿ ಎಲ್ಲರೂ ಅದೇ ಭಂಗಿಯ ಹೊಸ ಸುತ್ತಿನಲ್ಲಿದ್ದರು. ಸೊಸೆ ಅವಳತ್ತ ತಿರುಗದೆ ಹದಿನಾಲ್ಕು, ಹದಿನೈದು ಎನ್ನುತ್ತಿದ್ದಳು. ಕಂಡಕ್ಟರಮ್ಮ ತನ್ನ ಜಾಗಕ್ಕೆ ಹೋಗಿ ಹದಿನಾರಕ್ಕೆ ಮೊಣಕಾಲು ಬಗ್ಗಿಸಿದಳು.